ಬೊಂಬಾಗೆ ಏಸಿ

ಬೊಂಬಾಗೆ ಏಸಿ ಹಾಕಿಸಬೇಕೆಂದು ಅರ್ನುಲ್ಫೋ ಬಾಯಿಬಿಟ್ಟ ಸಂಜೆ ಅವನ ಅಪ್ಪ ಸೆವೆರೋ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದುಬಿಟ್ಟರು. ಒಣಮಾಂಸ ಹಾಕಿ ಹುರಿದ ಮೊಟ್ಟೆ ತಟ್ಟೆಯಲ್ಲಿ ಹಾಗೇ ಉಳಿಯಿತು. ಅವರು ಊಟ ಬಿಟ್ಟು ಎದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡವಳಲ್ಲ. ಹೆಂಡತಿ ಸತ್ತ ದಿನವೂ ಆ ಮನುಷ್ಯ ಎರಡು ತೊರ್ತಿಯಾ ರೊಟ್ಟಿ ತಿಂದು, ಕೈ ತೊಳೆದುಕೊಂಡು, ಆಮೇಲೆ ಅತ್ತಿದ್ದರು.

ನಾನು ಪಕ್ಕದ ಮನೆಯ ಎಲ್ವಿರಾ. ಅರ್ನುಲ್ಫೋನ ಮಗಳು ಗ್ರಿಸೆಲ್ಡಾಳಿಗೆ ಇಗರ್ಜಿಯಲ್ಲಿ ಹೆಸರಿಟ್ಟಾಗ ಎತ್ತಿಕೊಂಡು ನಿಂತವಳು ನಾನೇ. ಹಾಗಾಗಿ ಅವಳ ತಾಯಿ ಒಫೆಲಿಯಾಗೆ ನಾನು ಕೊಮಾದ್ರೆ. ಮರುಭೂಮಿಯ ನಡುವಿನ ಟೂಸಾನ್ ಊರಿನ ನಮ್ಮ ದಕ್ಷಿಣದ ಬೀದಿಗಳಲ್ಲಿ ಕೊಮಾದ್ರೆ ಎಂದರೆ ಒಡಹುಟ್ಟಿದವಳಿಗಿಂತ ಒಂದು ತೂಕ ಹೆಚ್ಚು. ಬಾಗಿಲು ತಟ್ಟದೆ ಒಳಗೆ ಬರಬಹುದು, ಕೇಳದಿದ್ದರೂ ಬುದ್ಧಿ ಹೇಳಬಹುದು. ನಾನು ಎರಡನ್ನೂ ಧಾರಾಳವಾಗಿ ಮಾಡಿಕೊಂಡು ಬಂದವಳು.

ಬೊಂಬಾ ಎಂದು ನಾವು ಕರೆಯುವುದು ಗುಂಡು ಬೆನ್ನಿನ ಹಳೇ ಕಾಲದ ಕಾರುಗಳನ್ನು. ಸೆವೆರೋ ಅವರದು ಐವತ್ತನೇ ಇಸವಿಯದು. ತಾಮ್ರದ ಗಣಿಯಲ್ಲಿ ದುಡಿಯುತ್ತಿದ್ದಾಗ ಕೊಂಡದ್ದು. ಅದು ಕೆಲವು ವರ್ಷಗಳಿಂದ ಹಿತ್ತಲಿನ ತಗಡಿನ ಚಪ್ಪರದಡಿ ಬಿಚ್ಚಿ ಹರಡಿಕೊಂಡಿತ್ತು. ತುಕ್ಕು ಕೆರೆದು, ಟಿಂಕರಿಂಗ್ ಮುಗಿಸಿ, ಕಡು ಹಸಿರು ಬಣ್ಣ ಹೊಡೆದು, ಈಗ ಅಪ್ಪ ಮಗ ಇಬ್ಬರೂ ಒಂದೊಂದೇ ಭಾಗ ಜೋಡಿಸುತ್ತಿದ್ದರು. ಏಸಿ ಹಾಕುವುದಿದ್ದರೆ ಡ್ಯಾಶ್‌ಬೋರ್ಡು ಕೂರಿಸುವ ಮುಂಚೆಯೇ ಹಾಕಬೇಕು, ಆಮೇಲೆ ಆಗುವುದಿಲ್ಲ ಎನ್ನುವುದು ಅರ್ನುಲ್ಫೋನ ವಾದ. ಅವನು ಗೋಡೆಗೆ ಗಾರೆ ಮಾಡುವವನು, ಆದರೆ ಗಾಡಿ ಕೆಲಸವೂ ಕೈಗೆ ಹತ್ತಿತ್ತು.

ಏಸಿ ಬೇಕಾಗಿದ್ದದ್ದು ಒಫೆಲಿಯಾಗಾಗಿ. ಅವಳಿಗೆ ನರಗಳ ಕಾಯಿಲೆ. ಚಳಿಗಾಲದಲ್ಲಿ ಕೋಲು ಹಿಡಿದು ಮಾರುಕಟ್ಟೆ ಸುತ್ತಿ ಬರುವವಳು, ಬಿಸಿಲು ಏರಿತೆಂದರೆ ಕಾಲು ಸೋತು, ಕಣ್ಣು ಮಂಜಾಗಿ, ಚಮಚ ಹಿಡಿಯಲೂ ಆಗದಂತಾಗುತ್ತಿದ್ದಳು. ಇಲ್ಲಿ ಬಿಸಿಲೆಂದರೆ ವರ್ಷದಲ್ಲಿ ಅರ್ಧ ವರ್ಷ. ಅಷ್ಟೂ ದಿನ ಅವಳು ಮನೆಯೊಳಗೆ, ಮಾಡಿನ ಮೇಲಿನ ನೀರಿನ ಕೂಲರ್ ಊದುವ ಗಾಳಿಯ ಕೆಳಗೆ ಕೂತಿರಬೇಕು. ಬೊಂಬಾ ಇಟ್ಟುಕೊಂಡ ಮನೆಗಳವರೆಲ್ಲ ಭಾನುವಾರ ಪೂಜೆ ಮುಗಿಸಿ ಪಾರ್ಕಿನಲ್ಲಿ ಸೇರುತ್ತಾರೆ, ಮಾಂಸ ಸುಡುತ್ತಾರೆ, ಸಂಜೆಯವರೆಗೆ ಹರಟುತ್ತಾರೆ. ಒಫೆಲಿಯಾ ಅಲ್ಲಿನ ಮಾತಿನ ಮಲ್ಲಿ. ಅವಳಿಲ್ಲದೆ ನಾವೆಲ್ಲ ಉಪ್ಪಿಲ್ಲದ ಕಾಳು ತಿಂದ ಹಾಗೆ ತಿಂದು ಬರುತ್ತಿದ್ದೆವು.

ಆ ಸಂಜೆ ಸೆವೆರೋ ಬಾಗಿಲ ಬಳಿ ನಿಂತು ಹೇಳಿದ್ದು ಇಷ್ಟೇ.

"ಆ ಕಾರಿಗೆ ಕೂಲರ್ ಇದೆ. ನೀರು ತುಂಬ್ಸು, ಗಾಡಿ ಓಡ್ಸು."

ಅವರು ಹೇಳಿದ್ದು ಕಿಟಕಿಗೆ ತಗುಲಿಹಾಕುವ ಉರುಟು ಡಬ್ಬಿಯನ್ನು. ಒಳಗೆ ನೀರು, ಒದ್ದೆ ನಾರು. ಗಾಡಿ ಓಡಿದರೆ ಗಾಳಿ ತಣ್ಣಗಾಗಿ ಬರುತ್ತದೆ. ಬೊಂಬಾ ಮಂದಿಗೆ ಆ ಡಬ್ಬಿ ಎಂದರೆ ಪ್ರಾಣ. ಹಳೇ ಕಾರುಗಳ ಪ್ರದರ್ಶನದಲ್ಲಿ ಅದಿದ್ದ ಕಾರಿನ ಸುತ್ತ ಜನ ಮುತ್ತಿಕೊಳ್ಳುತ್ತಾರೆ. ಒಂದೇ ತೊಂದರೆ ಏನೆಂದರೆ ಅದು ನಿಜವಾಗಿ ಯಾರನ್ನೂ ತಣ್ಣಗೆ ಮಾಡುವುದಿಲ್ಲ.

"ಅಪ್ಪ, ಆ ಡಬ್ಬಿಯಿಂದ ಅವಳ ಮೊಣಕಾಲು ಒದ್ದೆ ಆಗತ್ತೆ ಅಷ್ಟೇ" ಎಂದ ಅರ್ನುಲ್ಫೋ.

"ಏಸಿ ಅಂದ್ರೆ ಎಂಜಿನ್ ಹಿಂದಿನ ತಗಡು ಕೊರೀಬೇಕು. ಅಲ್ವಾ? ಅರವತ್ತು ವರ್ಷದಿಂದ ಒಂದು ತೂತು ಬೀಳ್ದೆ ಇರೋ ತಗಡು ಅದು. ನನ್ನ ಕಣ್ಮುಂದೆ ಕೊರೀಬೇಡ. ನಾನು ಸತ್ಮೇಲೆ ಜರಡಿ ಮಾಡ್ಕೋ."

ಗ್ರಿಸೆಲ್ಡಾ ಪಾತ್ರೆ ತೊಳೆಯುತ್ತಿದ್ದವಳು ತಿರುಗದೆಯೇ ಬಾಯಿ ಹಾಕಿದಳು. ಇಪ್ಪತ್ತಾರರ ಹುಡುಗಿ. ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಚೀಟಿ ಬರೆಯುವ ಕೆಲಸ. ಅಮ್ಮ ಸೋತ ದಿನಗಳಲ್ಲಿ ಅಡುಗೆ, ಬಟ್ಟೆ, ಎಲ್ಲ ಅವಳ ತಲೆಗೇ. ಅವಳು ಕೇಳಿದ್ದು ನ್ಯಾಯವಾಗಿತ್ತು. ಏಸಿ ಹಾಕುವುದಾದರೆ ಮನೆಗೆ ಹಾಕಿ, ಅಮ್ಮ ಇರುವುದು ಮನೆಯಲ್ಲಿ. ಕಾರಿನಲ್ಲಿ ವಾರಕ್ಕೊಂದು ದಿನ ಮೆರೆಯುವುದಕ್ಕೆ ಏಸಿ, ದಿನವೂ ಬೇಯುವುದಕ್ಕೆ ಈ ಅಡುಗೆಮನೆ, ಇದು ಯಾವ ಸೀಮೆಯ ಲೆಕ್ಕ ಎಂದಳು. ಹೊರಗೆ ಹೋಗಬೇಕೆಂದರೆ ತನ್ನ ಪುಟ್ಟ ಕಾರಿದೆ, ಅದರಲ್ಲಿ ಏಸಿಯೂ ಇದೆ ಎಂದಳು.

ಆಗ ಒಫೆಲಿಯಾ ಮಾತಾಡಿದಳು.

"ನಿನ್ನ ಕಾರಲ್ಲಿ ಕೂತ್ರೆ ಆಸ್ಪತ್ರೆಗೆ ಹೋಗೋಳ ಥರ ಕಾಣ್ತೀನಿ ಕಣೆ. ಅದ್ರಲ್ಲಿ ನಾನು ಹೋಗೋದೂ ಅಲ್ಲಿಗೇ. ಮನೆಗೆ ಏಸಿ ಹಾಕ್ಸಿದ್ರೆ ಇದೇ ಕುರ್ಚೀಲಿ ತಣ್ಣಗೆ ಕೂತಿರ್ತೀನಿ, ಅಷ್ಟೇ ತಾನೇ? ನನಗೆ ಜನ ಬೇಕು. ಒಂದು ಭಾನುವಾರ ನಾಲ್ಕು ಜನರ ಮುಂದೆ ಇಳೀಬೇಕು."

ಹುಡುಗಿ ನಲ್ಲಿ ಜೋರಾಗಿ ಬಿಟ್ಟಳು.

ಮುಂದಿನ ಕೆಲವು ದಿನ ಆ ಮನೆಯಲ್ಲಿ ಊಟ ಎರಡು ಸರದಿಯಲ್ಲಿ ನಡೆಯಿತು. ಸೆವೆರೋ ತಮ್ಮ ಕಾಳು, ತೊರ್ತಿಯಾ ತೆಗೆದುಕೊಂಡು ಚಪ್ಪರದಡಿಗೆ ಹೋಗಿಬಿಡುತ್ತಿದ್ದರು. ಕೊನೆಗೆ ಒಫೆಲಿಯಾಳೇ ಒಂದು ಬೆಳಗ್ಗೆ ಬಿಸಿಲೇರುವ ಮುಂಚೆ ಕೋಲೂರಿಕೊಂಡು ಅಲ್ಲಿಗೆ ಹೋಗಿ ಮಾವನ ಪಕ್ಕ ಬಕೆಟ್ಟಿನ ಮೇಲೆ ಕೂತಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬೇಲಿಗೆ ಕಿವಿ ಕೊಟ್ಟೇ ನಿಂತಿದ್ದೆ, ಆದರೂ ಕೇಳಿಸಲಿಲ್ಲ. ಮಧ್ಯಾಹ್ನ ಸೆವೆರೋ ಮಗನನ್ನು ಕರೆದು ಒಪ್ಪಂದ ಹೇಳಿದರು. ಏಸಿ ಹಾಕಬಹುದು. ಆದರೆ ಎಂಜಿನ್ ಹಿಂದಿನ ತಗಡಿಗೆ ಡ್ರಿಲ್ ಮುಟ್ಟಿಸಬಾರದು. ಪೈಪುಗಳು ಕೆಳಗಿಂದ ಬಂದು, ಮುಂದಿನ ಸೀಟಿನ ಹತ್ತಿರ ನೆಲದಿಂದ ಮೇಲೆ ಬರಬೇಕು. ಅಲ್ಲಿ ಚಾಪೆ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು, ಯಾವುದನ್ನೂ ಅಂಟಿಸಬಾರದು, ಬೆಸುಗೆ ಹಾಕಬಾರದು. ಚಳಿಗಾಲದ ಪ್ರದರ್ಶನಕ್ಕೆ ಮುಂಚೆ ಎಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಕಾರು ಹುಟ್ಟಿದ ಹಾಗೇ ಕಾಣಬೇಕು.

"ಕಳ್ಳ ಏಸಿ" ಎಂದು ಒಫೆಲಿಯಾ ಅದಕ್ಕೆ ಹೆಸರಿಟ್ಟಳು. ಸೆವೆರೋ ಕೂಡ ನಕ್ಕರು. ಆ ರಾತ್ರಿ ಎಲ್ಲರೂ ಒಂದೇ ಮೇಜಿನಲ್ಲಿ ಉಂಡರು.

ಕೆಲಸ ಬೇಸಿಗೆಯ ಅರ್ಧ ತಿಂದಿತು. ಆರು ವೋಲ್ಟಿನ ಹಳೇ ಡೈನಮೋ ಏಸಿಯ ಭಾರ ಹೊರುವುದಿಲ್ಲವೆಂದು ಎಲ್ಲ ಹನ್ನೆರಡಕ್ಕೆ ಬದಲಾಯಿತು. ದೊಡ್ಡ ಫ್ಯಾನು ಬಂತು, ರೇಡಿಯೇಟರಿನ ಮುಂದೆ ಜಾಲರಿ ಬಂತು, ಡ್ಯಾಶ್‌ಬೋರ್ಡಿನ ಕೆಳಗೆ ಗಾಳಿ ಬಿಡುವ ಪೆಟ್ಟಿಗೆ ನೇತಾಡಿತು. ಪೈಪು ಹಾಯಲು ಅರ್ನುಲ್ಫೋ ನೆಲದ ತಗಡು ಕೊರೆಯುವಾಗ ಸೆವೆರೋ ತಾವೇ ಸೀಮೆಸುಣ್ಣದಿಂದ ಜಾಗ ಗುರುತು ಮಾಡಿಕೊಟ್ಟರು. ತೂತಿನ ಸುತ್ತ ಹಳೇ ಟೈರಿನಿಂದ ಕತ್ತರಿಸಿದ ರಬ್ಬರು ತುರುಕಿದರು. ಎಳೆದರೆ ಕೈಗೆ ಬರುವ ಹಾಗೆ. ಅಂಟಿಸಬಾರದು ಎಂದು ಮಾತಾಗಿತ್ತಲ್ಲ.

ಒಂದನ್ನು ಮಾತ್ರ ಅವರು ಮುಟ್ಟಗೊಡಲಿಲ್ಲ. ಹೊಗೆ ಪೈಪು. ಹರೆಯದಲ್ಲಿ ಅವರು ಆ ಎಂಜಿನ್ನಿನ ಹೊಗೆ ಕೊಳವೆಯನ್ನು ಎರಡಾಗಿ ಸೀಳಿಸಿ ಎರಡು ಸೈಲೆನ್ಸರ್ ಹಾಕಿಸಿದ್ದರು. ಬೊಂಬಾ ಮಂದಿ ಹಾಗೆ ಮಾಡಿಸುತ್ತಾರೆ. ಆಗಲೇ ಅದು ಪಟಪಟ ಎಂದು ಜಂಬದಿಂದ ಕೂಗುವುದು. ಬೆಸುಗೆ ಬಿರಿದು ಒಂದು ಕಡೆ ಸೀಟಿ ಹೊಡೆಯುತ್ತಿತ್ತು. ಬದಲಾಯಿಸೋಣವೇ ಎಂದು ಅರ್ನುಲ್ಫೋ ಕೇಳಿದ್ದಕ್ಕೆ, ಅದು ಕಾರಿನ ಧ್ವನಿ, ಬೀದಿ ತುದಿಯಲ್ಲಿ ಕೇಳಿದರೂ ಸೆವೆರೋ ಬಂದ ಎಂದು ಜನಕ್ಕೆ ಗೊತ್ತಾಗುವುದು ಅದರಿಂದಲೇ ಎಂದರು. ನಮಗೂ ಅದು ಸರಿಯೇ ಅನ್ನಿಸಿತು. ಬೊಂಬಾದ ಕಿಟಕಿಗಳನ್ನು ಯಾರೂ ಯಾವತ್ತೂ ಮುಚ್ಚಿದವರಲ್ಲ. ಮೊಣಕೈ ಹೊರಗಿಟ್ಟುಕೊಂಡು ಹೋಗುವ ಕಾರು ಅದು. ಹೊಗೆ ಒಳಗೆ ಬರಬಹುದು ಎಂಬ ಯೋಚನೆಯೇ ಒಬ್ಬರ ತಲೆಗೂ ಬರಲಿಲ್ಲ.

ಏಸಿಗೆ ಗ್ಯಾಸ್ ತುಂಬಿಸಿದ ಮೇಲೆ ಬಂದ ಭಾನುವಾರ ಒಫೆಲಿಯಾ ಹಳದಿ ಹೂವಿನ ಅಂಗಿ ತೊಟ್ಟು ತುಟಿಗೆ ಬಣ್ಣ ಹಚ್ಚಿಕೊಂಡಳು. ಕಿಟಕಿಯೆಲ್ಲ ಏರಿಸಿ, ರಾಣಿಯ ಹಾಗೆ ಮುಂದಿನ ಸೀಟಿನಲ್ಲಿ ಕೂತು ಪಾರ್ಕಿಗೆ ಬಂದಳು. ಇಳಿಯಲು ಬಾಗಿಲು ತೆರೆದಾಗ ಒಳಗಿನ ತಂಪು ನಮ್ಮ ಕಾಲಿಗೆ ತಾಗಿತು. ಹೆಂಗಸರೆಲ್ಲ ಸರದಿಯಲ್ಲಿ ಒಳಗೆ ಕೂತು ಮುಖ ತಣ್ಣಗೆ ಮಾಡಿಕೊಂಡರು. ಸೆವೆರೋ ಅವರ ಓರಗೆಯವರು ಮುಖ ಗಂಟಿಕ್ಕಿ ಕಾರಿನ ಕೆಳಗೆಲ್ಲ ಬಗ್ಗಿ ನೋಡಿದರು, ಬಾನೆಟ್ ಎತ್ತಿಸಿದರು. ಎಂಜಿನ್ ಹಿಂದಿನ ತಗಡು ಹಾಗೇ ಇದ್ದದ್ದು ಕಂಡು ಸೆವೆರೋ ಅವರ ಬೆನ್ನು ತಟ್ಟಿದರು. ಒಫೆಲಿಯಾ ಮರದಡಿ ಬಾಯಿ ತುಂಬ ಮಾತಾಡಿದಳು. ಬಿಸಿಲು ತಾಗಿ ಸೋತಾಗ ಮತ್ತೆ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತು ಬಂದಳು. ಮನೆಗೆ ಬಂದ ಮೇಲೆ ತಲೆನೋವು, ವಾಕರಿಕೆ. ಸಂಭ್ರಮ ಹೆಚ್ಚಾಯಿತು ಎಂದೆವು. ಮುಂದಿನ ಭಾನುವಾರವೂ ತಲೆನೋವು. ಕಾಯಿಲೆ ಮನೆಯಲ್ಲೇ ಇರುವಾಗ ಎಲ್ಲವನ್ನೂ ಅದರ ತಲೆಗೇ ಕಟ್ಟುವುದು ಸುಲಭ. ನಾವು ಹಾಗೇ ಮಾಡಿದೆವು.

ಆಮೇಲೆ ಮಳೆಗಾಲ ಬಂತು. ಇಲ್ಲಿ ಮಳೆಗಾಲ ಎಂದರೆ ದಿನವಿಡೀ ಮೋಡ ಕಟ್ಟಿ, ಸಂಜೆಗೆ ನಾಲ್ಕು ಹನಿ ಉದುರಿಸಿ, ಗಾಳಿಯನ್ನು ಒದ್ದೆ ಬಟ್ಟೆ ಮಾಡಿ ಹೋಗುವುದು. ಒಣ ಬಿಸಿಲಿನಲ್ಲಿ ಕೆಲಸ ಮಾಡುವ ನೀರಿನ ಕೂಲರ್ ಆಗ ಬರೀ ತೇವ ಊದುತ್ತದೆ. ಗೋಡೆ ಬೆವರುತ್ತದೆ, ಹಾಸಿಗೆ ಹಸಿಯಾಗುತ್ತದೆ, ತೊರ್ತಿಯಾ ಹಿಟ್ಟು ಕೈಗೆ ಅಂಟುತ್ತದೆ. ಒಫೆಲಿಯಾ ಕುರ್ಚಿಯಿಂದ ಏಳಲಾರದೆ ಹೋದಳು. ಬೆಳಗ್ಗೆ ಗ್ರಿಸೆಲ್ಡಾ ತನ್ನ ಕಾರು ತೆಗೆದುಕೊಂಡು ಕೆಲಸಕ್ಕೆ, ಅರ್ನುಲ್ಫೋ ಗಾರೆ ಕೆಲಸಕ್ಕೆ. ಮನೆಯಲ್ಲಿ ಉಳಿಯುವವರು ಮಾವ, ಸೊಸೆ ಇಬ್ಬರೇ.

ಮನೆಯಲ್ಲಿ ತಣ್ಣಗಿದ್ದ ಜಾಗ ಒಂದೇ, ಚಪ್ಪರದಡಿಯ ಬೊಂಬಾ.

ಅದನ್ನು ಮೊದಲು ಹೇಳಿದವರು ಸೆವೆರೋ. ಸೊಸೆಯ ಕಷ್ಟ ನೋಡಲಾರದೆ ಹೇಳಿದರು. ಯಾವ ಏಸಿಗಾಗಿ ಊಟ ಬಿಟ್ಟು ಎದ್ದಿದ್ದರೋ ಅದೇ ಏಸಿಯನ್ನು ತಾವೇ ಶುರು ಮಾಡಿ, ಸೊಸೆಯನ್ನು ಕೈಹಿಡಿದು ಕರೆದೊಯ್ದು ಕೂರಿಸುವಷ್ಟು ಬದಲಾಗಿದ್ದರು. ಅವಳು ಒಳಗೆ ಕಣ್ಣು ಮುಚ್ಚಿ ಕೂತಿರುವಳು, ಇವರು ಹೊರಗೆ ಕುರ್ಚಿ ಹಾಕಿಕೊಂಡು ರೇಡಿಯೋ ಕೇಳುತ್ತ ಕಾಳು ಆರಿಸುವರು. ಎಂಜಿನ್ ನಿಂತಲ್ಲೇ ಪಟಪಟ ಎನ್ನುತ್ತಿರುವುದು. ಆ ಸದ್ದು ನಮ್ಮನೆಗೂ ಕೇಳುತ್ತಿತ್ತು. ಒಫೆಲಿಯಾ ತಣ್ಣಗಿದ್ದಾಳಲ್ಲ ಎಂದು ನನಗೂ ನೆಮ್ಮದಿ.

ಆ ದಿನ ಅವಳಿಗೆ ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ. ಊಟವಾದ ಮೇಲೆ ಸೆವೆರೋ ಅವಳನ್ನು ಕಾರಿನಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೇ ತಲೆ ವಾಲಿತು. ಪಾಪ, ಮಲಗಲಿ ಎಂದು ಬಿಟ್ಟರು. ಗಾಜಿನಲ್ಲಿ ಇಣುಕಿ ನೋಡಿದರು, ಮುಖದಲ್ಲಿ ಬಣ್ಣ ಬಂದಿತ್ತು. ಎಷ್ಟೋ ದಿನದ ಮೇಲೆ ಒಳ್ಳೇ ನಿದ್ದೆ ಹತ್ತಿದೆ ಎಂದು ರೇಡಿಯೋದ ಸದ್ದನ್ನೂ ಇಳಿಸಿದರು. ಅಡುಗೆಮನೆಗೆ ಹೋಗಿ ಕಾಳು ಒಲೆಗಿಟ್ಟು, ಅಂಗಳ ಗುಡಿಸಿ, ಮತ್ತೆ ಇಣುಕಿದರು. ಮಲಗೇ ಇದ್ದಳು.

ಗ್ರಿಸೆಲ್ಡಾ ಕೆಲಸದಿಂದ ಬಂದವಳು ಅಮ್ಮನನ್ನು ಎಬ್ಬಿಸಲು ಬಾಗಿಲು ತೆರೆದಳು. ಒಫೆಲಿಯಾ ಬಾಗಿಲ ಜೊತೆಯೇ ಹೊರಗೆ ವಾಲಿದಳು. ಕೆನ್ನೆ, ತುಟಿ ಕೆಂಪಗೆ, ಮದುವೆ ದಿನದ ಹಾಗಿತ್ತು. ಹುಡುಗಿ ನನ್ನ ಹೆಸರು ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಆಂಬುಲೆನ್ಸಿನ ಜೊತೆ ಅಗ್ನಿಶಾಮಕದವರೂ ಬಂದರು. ಅವರಲ್ಲೊಬ್ಬ ಕೈಯಲ್ಲಿ ವಿಷಾನಿಲ ಅಳೆಯುವ ಸಣ್ಣ ಮೀಟರು ಹಿಡಿದು ಕಾರಿನೊಳಗೆ ಬಗ್ಗಿದ. ಅದು ಒಂದೇ ಸಮನೆ ಕಿರುಚಿತು. ಚಾಪೆ ಎತ್ತಿದ. ಎಂಜಿನ್ನಿನ ನಡುಕಕ್ಕೆ ರಬ್ಬರು ಸರಿದು, ತೂತಿನ ಅಂಚಿನಲ್ಲಿ ಕೆಳಗಿನ ನೆಲ ಕಾಣುತ್ತಿತ್ತು. ಅದರ ಕೆಳಗೇ ಬಿರಿದ ಹೊಗೆ ಪೈಪು. ಗಾಳಿಪೆಟ್ಟಿಗೆ ಒಳಗಿನ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುವಂಥದ್ದು. ಒಮ್ಮೆ ಬಂದ ಹೊಗೆಯ ವಿಷ ಹೊರಗೆ ಹೋಗಲು ದಾರಿಯಿರಲಿಲ್ಲ. ಅವಳ ಕೆನ್ನೆಯ ಕೆಂಪೂ ಆ ವಿಷದ್ದೇ ಅಂತೆ.

"ಕಿಟಕಿ ಒಂದು ಬೆರಳಗಲ ಇಳ್ಸಿದ್ರೂ ಇಷ್ಟು ಆಗ್ತಿರ್ಲಿಲ್ಲ" ಎಂದ ಆತ. ಬೈಯಲಿಲ್ಲ, ಸುಮ್ಮನೆ ಹೇಳಿದ. ಸೆವೆರೋ ಆ ಮಾತು ಕೇಳಿ ಚಪ್ಪರದ ಕಂಬ ಹಿಡಿದುಕೊಂಡು ಕೂತರು.

ಒಫೆಲಿಯಾ ಬದುಕಿಕೊಂಡಳು. ಆಮ್ಲಜನಕದ ಕೋಣೆಯಲ್ಲಿಟ್ಟು, ಏನೇನೋ ಮಾಡಿ ಉಳಿಸಿದರು. ಕಣ್ಣು ಬಿಟ್ಟು ನಮ್ಮನ್ನೆಲ್ಲ ಗುರುತು ಹಿಡಿದಳು, ಆಸ್ಪತ್ರೆಯ ಸಪ್ಪೆ ಸಾರನ್ನು ಬೈದಳು. ನಾನು ಮೇಣದಬತ್ತಿ ಹಚ್ಚಿ ಬಂದೆ. ಆದರೆ ಕೆಲವರಿಗೆ ಮೊದಲು ಚೇತರಿಸಿದಂತೆ ಕಂಡು ಆಮೇಲೆ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದ ಕೆಲವು ವಾರಗಳಲ್ಲಿ ಅದೇ ಆಯಿತು. ಮೊದಲು ಒಲೆಯ ಮೇಲಿಟ್ಟದ್ದು ಮರೆತಳು. ಆಮೇಲೆ ಉಂಡದ್ದು ಮರೆತಳು. ಒಂದು ಬೆಳಗ್ಗೆ ಗ್ರಿಸೆಲ್ಡಾ ತಲೆ ಬಾಚುತ್ತಿದ್ದರೆ, "ನಿಮ್ಮ ಕೈ ಹಗುರ ಇದೆಯಮ್ಮ, ಯಾರ ಮನೆ ಹುಡುಗಿ ನೀವು?" ಎಂದು ಕೇಳಿದಳು. ಹುಡುಗಿ ಬಾಚಣಿಗೆ ನಿಲ್ಲಿಸಲಿಲ್ಲ. ಜಡೆ ಹೆಣೆದು ಮುಗಿಸಿ, ಹಿತ್ತಲಿಗೆ ಬಂದು ನನ್ನ ಹೆಗಲ ಮೇಲೆ ಕುಸಿದಳು.

ಮನೆಯಲ್ಲಿ ಮತ್ತೆ ಊಟ ಎರಡು ಸರದಿಯಾಯಿತು. ಗ್ರಿಸೆಲ್ಡಾ ತಾತನ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋಗುತ್ತಿದ್ದಳು. ಒಂದು ಸಂಜೆ ಮಾತು ಬಂದೇಬಂತು. ತಾನು ಮನೆಗೆ ಹಾಕಿಸಿ ಎಂದು ಹೇಳಿರಲಿಲ್ಲವೇ, ಅದೇ ಮೇಜಿನಲ್ಲಿ ಬಡಕೊಂಡಿರಲಿಲ್ಲವೇ, ಇವರಿಗೆ ಒಂದು ತಗಡಿನ ಮಾನ ಹೆಚ್ಚಾಯಿತು ಎಂದಳು.

"ತಾತನ್ನ ಅನ್ಬೇಡ. ಕೊರ್ದಿದ್ದು ನಾನು" ಎಂದ ಅರ್ನುಲ್ಫೋ.

"ಜಾಗ ತೋರ್ಸಿದ್ದು ನಾನು ಕಣೋ" ಎಂದರು ಸೆವೆರೋ. "ಅಂಟಿಸ್ಬೇಡ ಅಂದಿದ್ದೂ ನಾನು. ಮಲಗ್ಲಿ ಅಂತ ಬಿಟ್ಟಿದ್ದೂ ನಾನು. ಅನ್ಲಿ ಬಿಡು. ಅವಳು ಅನ್ನದಿದ್ರೆ ನನಗೆ ಇನ್ನೂ ಕಷ್ಟ ಆಗತ್ತೆ."

ಒಫೆಲಿಯಾ ಮೂವರ ಮುಖವನ್ನೂ ನೋಡಿ, ಜಗಳ ಯಾಕೆ, ಎಲ್ಲರೂ ಊಟ ಮಾಡಿ ಎಂದಳು. ಯಾರೂ ಮಾಡಲಿಲ್ಲ.

ಬೊಂಬಾ ಮಂದಿ ಕೈಕೈ ಸೇರಿಸಿ ಆ ಮನೆಗೆ ಏಸಿ ಹಾಕಿಸಿಕೊಟ್ಟರು. ಗೋಡೆ ಕೊರೆಯುವ ಸದ್ದಿಗೆ ಸೆವೆರೋ ಬೀದಿಯ ತುದಿಗೆ ಹೋಗಿ ನಿಂತಿದ್ದರು. ಈಗ ಮನೆ ತಣ್ಣಗಿದೆ. ಒಫೆಲಿಯಾಳ ಕಾಲೂ ಸ್ವಲ್ಪ ಸರಿಹೋಗಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ನಡೆಯುತ್ತಾಳೆ.

ಬಿಸಿಲು ಇಳಿಯತೊಡಗಿದ ಒಂದು ಭಾನುವಾರ, ಅವಳಿಗೆ ಪಾರ್ಕಿಗೆ ಬರಲಾಗದಿದ್ದರೆ ನಾವೇ ಅವಳ ಮನೆಗೆ ಹೋಗೋಣ ಎಂದು ಎಲ್ಲರೂ ಮಾತಾಡಿಕೊಂಡರು. ಅವಳನ್ನು ಜಗುಲಿಯಲ್ಲಿ ಕೂರಿಸಿ ಹೆಗಲಿಗೆ ಶಾಲು ಹೊದಿಸಿದೆವು. ಇಗರ್ಜಿಯ ಕಡೆಯಿಂದ ಬೊಂಬಾಗಳು ಒಂದರ ಹಿಂದೊಂದು ಬಂದವು. ಕಪ್ಪು, ಕೆನೆಬಣ್ಣ, ಕಡುಗೆಂಪು, ಎಲ್ಲದರ ಕಿಟಕಿಗಳೂ ಪೂರ್ತಿ ಇಳಿದಿದ್ದವು. ಯಾರೂ ಹಾರ್ನ್ ಹೊಡೆಯಲಿಲ್ಲ, ಹಾಡು ಹಾಕಲಿಲ್ಲ. ಮನೆಯ ಮುಂದೆ ಬಂದಾಗ ಗಂಡಸರು ಟೋಪಿ ತೆಗೆದು ಎದೆಗಿಟ್ಟುಕೊಂಡರು. ಗೌರವಕ್ಕೆಂದು ಹಾಗೆ ಮಾಡಿದರು. ಅದು ಹೇಗೆ ಕಾಣುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಒಫೆಲಿಯಾ ಬಗ್ಗಿ ನೋಡಿದಳು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು.

"ಕೊಮಾದ್ರೆ, ಯಾರು ತೀರ್ಕೊಂಡ್ರು?"

ನಾನು ಅವಳ ಶಾಲು ಸರಿಮಾಡಿದೆ. ಅರ್ನುಲ್ಫೋ ಗೋಡೆಯ ಕಡೆ ತಿರುಗಿದ. ಮೆಟ್ಟಿಲ ಮೇಲೆ ಕೂತಿದ್ದ ಸೆವೆರೋ ತಲೆ ಎತ್ತದೆ ಹೇಳಿದರು.

"ನಮ್ಮೋರೇ ಮಗಳೇ."

ಅವಳು ಹಣೆಗೂ ಎದೆಗೂ ಶಿಲುಬೆ ಗುರುತು ಹಾಕಿಕೊಂಡಳು.

"ಹಾಗಾದ್ರೆ ನಾವು ಹೀಗೆ ಕೂತ್ರೆ ಚೆನ್ನಾಗಿರಲ್ಲ ಮಾವ. ಪಾಪ, ಆ ಮನೆಯೋರಿಗೆ ಎಷ್ಟು ಕಷ್ಟ ಆಗಿರತ್ತೋ. ಹೋಗ್ಬರೋಣ. ಸೆಕೆ ಆದ್ರೂ ನಾನು ತಡ್ಕೋತೀನಿ." ಆಮೇಲೆ ಗ್ರಿಸೆಲ್ಡಾಳ ಕಡೆ ತಿರುಗಿ, ಹೊರಗಿನವರ ಹತ್ತಿರ ಕೇಳುವ ಸಂಕೋಚದಿಂದ, ತನ್ನ ಕಪ್ಪು ಅಂಗಿ ತಂದುಕೊಡಲು ಆಗುತ್ತದೆಯೇ ಎಂದು ಕೇಳಿದಳು.

ಗ್ರಿಸೆಲ್ಡಾ ಒಳಗೆ ಹೋಗಿ ಕಪ್ಪು ಅಂಗಿ ತಂದಳು. ಅರ್ನುಲ್ಫೋ ಅದರ ಬೆನ್ನಿನ ಗುಂಡಿಗಳನ್ನು ಹಾಕಿದ.